ರೈಲಿನ ಹಣೆಬರಹ ಓದಲು ಕಲಿತವರು

ಮುಂಬಯಿ: ದಾದರ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು 'ವಿಟಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ?' ಎಂದು ಯಾರನ್ನಾದರೂ ಕೇಳಿ ನೋಡಿ. ಇಪ್ಪತ್ತರ ಹರೆಯದ ಕಾಲೇಜು ಹುಡುಗನೂ ತಡವರಿಸದೆ ಬೆರಳು ತೋರಿಸುತ್ತಾನೆ. ಅವನು ಹುಟ್ಟುವುದಕ್ಕೆ ಮೊದಲೇ, 1996ರ ಮಾರ್ಚ್‌ನಲ್ಲಿ, ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು ಹೋಗಿ ಛತ್ರಪತಿ ಶಿವಾಜಿ ಟರ್ಮಿನಸ್ ಬಂತು. 2017ರಲ್ಲಿ ಅದಕ್ಕೆ 'ಮಹಾರಾಜ್' ಎಂಬ ಪದವೂ ಸೇರಿತು. ಯಾವ ಲೋಕಲಿನ ಹಣೆಯ ಮೇಲೂ ಈಗ 'ವಿಟಿ' ಎಂಬ ಅಕ್ಷರಗಳಿಲ್ಲ. ಆದರೂ ಜನ ವಿಟಿಗೆ ಹೋಗುತ್ತಾರೆ, ವಿಟಿಯಲ್ಲಿ ಇಳಿಯುತ್ತಾರೆ, 'ವಿಟಿ ಹತ್ತಿರ ಬಂದು ಫೋನ್ ಮಾಡು' ಎನ್ನುತ್ತಾರೆ. ಇನ್ನೂ ಹಳಬರಾದರೆ 'ಬೋರಿಬಂದರ್' ಎಂದಾರು.

ಪಶ್ಚಿಮ ರೈಲ್ವೆಯ ಕಡೆಗೆ ಹೋದರೆ ಇನ್ನೂ ಸೋಜಿಗ. ಚರ್ಚ್‌ಗೇಟ್ ಎಂದು ಹಣೆಪಟ್ಟಿ ಕಟ್ಟಿಕೊಂಡು ದಿನವಿಡೀ ಗಾಡಿಗಳು ಓಡುತ್ತವೆ. ಕೋಟೆಗೆ ಇದ್ದ ಆ ಗೇಟು, ಅಂದರೆ ಹೆಬ್ಬಾಗಿಲು, ಕೋಟೆಯ ಗೋಡೆಗಳೊಂದಿಗೆ 1860ರ ದಶಕದಲ್ಲೇ ನೆಲಸಮವಾಯಿತು. ಇಲ್ಲದ ಬಾಗಿಲಿಗೆ ಜನ ದಿನವೂ ಪಾಸ್ ತೆಗೆಸಿಕೊಂಡು ಹೋಗುತ್ತಿದ್ದಾರೆ! ಒಂದು ಕಾಲದಲ್ಲಿ ಈ ಗಾಡಿಗಳು ಚರ್ಚ್‌ಗೇಟನ್ನೂ ದಾಟಿ ಕೊಲಾಬಾಕ್ಕೆ ಹೋಗುತ್ತಿದ್ದವು. 1928ರ ಜನವರಿಯಲ್ಲಿ ವಿದ್ಯುತ್ ಗಾಡಿ ಆರಂಭವಾದದ್ದು ಕೊಲಾಬಾ–ಬೋರಿವಲಿ ನಡುವೆಯೇ. 1930ರ ಡಿಸೆಂಬರ್‌ನಲ್ಲಿ ಬಾಂಬೆ ಸೆಂಟ್ರಲ್ ತೆರೆದ ಮೇಲೆ ಕೊಲಾಬಾ ಸ್ಟೇಷನ್ ಮುಚ್ಚಿತು. ಟ್ರಾಮ್ ನಿಂತು ಅರುವತ್ತು ವರ್ಷ ಕಳೆದರೂ ದಾದರ್ 'ಟಿ.ಟಿ.' ಉಳಿದಿಲ್ಲವೇ? ಟ್ರಾಮ್ ಟರ್ಮಿನಸ್ ಎಂಬುದರ ಹ್ರಸ್ವರೂಪವದು. ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಹೆಸರಿಗೆ ಆಯುಷ್ಯ ಹೆಚ್ಚು.

ಇದೆಲ್ಲ ತಮಾಷೆಯಾಗಿ ಕಾಣುವುದು ದಾರಿ ಗೊತ್ತಿರುವವರಿಗೆ. ಗೊತ್ತಿಲ್ಲದವರಿಗೆ ರೈಲಿನ ಹಣೆಬರಹ ಓದುವುದೆಂದರೆ ಅಂದಿನ ಕೂಲಿಯ ಪ್ರಶ್ನೆ, ಕೆಲಸದ ಪ್ರಶ್ನೆ, ರಾತ್ರಿ ಮಲಗುವ ಜಾಗದ ಪ್ರಶ್ನೆ.

ಅಕ್ಷರಮಾಲೆಗೆ ಮೊದಲು 'ಬಿಓ'

ಊರಿನಿಂದ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷಿನ ಎಬಿಸಿಡಿ ಬರುತ್ತಿರಲಿಲ್ಲ. ಅದನ್ನು ಕಲಿಯಲು ಮುಂದೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಿದ್ದವು. ಆದರೆ ಶಾಲೆಗೆ ಸೇರುವ ಮೊದಲೇ ಹೋಟೆಲಿನ ಹಳಬನೊಬ್ಬನಿಂದ ಮೊದಲ ಪಾಠ ಆಗಿಬಿಡುತ್ತಿತ್ತು. 'ನೋಡು ತಮ್ಮಾ, ಗಾಡಿಯ ಮಂಡೆಯಲ್ಲಿ ಒಂದು ದೊಡ್ಡ ಹೊಟ್ಟೆ, ಪಕ್ಕದಲ್ಲಿ ಒಂದು ಸೊನ್ನೆ ಇದ್ದರೆ ಅದು ಬೋರಿವಲಿ. ಅರ್ಧ ಚಂದ್ರ ಇದ್ದರೆ ಚರ್ಚ್‌ಗೇಟ್. ಬೇರೆ ಏನು ಕಂಡರೂ ಹತ್ತಬೇಡ ಮಾರಾಯ, ಕೇಳು.' ಹೀಗೆ 'ಬಿಓ' ಮತ್ತು 'ಸಿ' ಎಂಬವು ಅಕ್ಷರಗಳಾಗಿ ಅಲ್ಲ, ಚಿತ್ರಗಳಾಗಿ ಆ ಹುಡುಗರ ತಲೆಯಲ್ಲಿ ಕುಳಿತವು. ರಾತ್ರಿ ಶಾಲೆಯಲ್ಲಿ ಮಾಸ್ತರರು ಹಲಗೆಯ ಮೇಲೆ 'ಬಿ' ಬರೆದಾಗ, ಇದು ಬೋರಿವಲಿಯದ್ದಲ್ಲವೇ ಎಂದುಕೊಂಡವರು ಒಬ್ಬಿಬ್ಬರಲ್ಲ.

ಮಧ್ಯ ರೈಲ್ವೆಯ ಪಾಠ ಇದಕ್ಕಿಂತ ಕಠಿಣ. 'ಕೆ' ಎಂದರೆ ಕಲ್ಯಾಣ್, 'ಟಿ' ಎಂದರೆ ಠಾಣೆ, 'ಎ' ಎಂದರೆ ಅಂಬರನಾಥ್. ಇಷ್ಟರವರೆಗೆ ಸರಿ. ಕಸಾರಕ್ಕೆ ಹೋಗುವ ಗಾಡಿಗೆ 'ಎನ್', ಕರ್ಜತ್‌ಗೆ ಹೋಗುವ ಗಾಡಿಗೆ 'ಎಸ್'! ಕಸಾರದಲ್ಲೂ 'ಎನ್' ಇಲ್ಲ, ಕರ್ಜತ್‌ನಲ್ಲೂ 'ಎಸ್' ಇಲ್ಲ. ಕಲ್ಯಾಣದ ನಂತರ ಹಳಿ ಎರಡಾಗಿ ಒಡೆಯುತ್ತದೆ. ಒಂದು ಈಶಾನ್ಯಕ್ಕೆ, ನಾಸಿಕದ ದಿಕ್ಕಿಗೆ. ಇನ್ನೊಂದು ಆಗ್ನೇಯಕ್ಕೆ, ಪುಣೆಯ ದಿಕ್ಕಿಗೆ. ಆದ್ದರಿಂದ ಒಂದು ನಾರ್ತ್, ಇನ್ನೊಂದು ಸೌತ್ ಎಂದು ದಿನವೂ ಓಡಾಡುವವರು ಅರ್ಥ ಹೇಳುತ್ತಾರೆ. ಇದೂ ಸಾಲದೆಂಬಂತೆ ಅದೇ ಇಂಡಿಕೇಟರಿನಲ್ಲಿ 'ಎಸ್' ಎಂದರೆ ಸ್ಲೋ, 'ಎಫ್' ಎಂದರೆ ಫಾಸ್ಟ್. ಕರ್ಜತ್ ಫಾಸ್ಟ್ ಗಾಡಿ ಬಂದಾಗ 'ಎಸ್' ಮತ್ತು 'ಎಫ್' ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಹೊಸಬ ಇದನ್ನು ಏನೆಂದು ಓದಬೇಕು? ನಿಧಾನವಾಗಿ ವೇಗವಾಗಿ ಹೋಗುವ ಗಾಡಿ ಎಂದೇ? ಇಂಥ ಸಂಕೇತಗಳನ್ನು ಮಾಡಿದವರು ಸ್ವತಃ ಒಂದು ದಿನವೂ ದಾರಿ ತಪ್ಪಿದವರಲ್ಲವೆಂದು ಕಾಣುತ್ತದೆ.

ಹಳೆಯ ಗಾಡಿಗಳಲ್ಲಿ ಈ ಅಕ್ಷರಗಳು ಒಂದು ಬಟ್ಟೆಯ ಸುರುಳಿಯ ಮೇಲೆ ಇರುತ್ತಿದ್ದವು. ಹಿಂದೆ ಒಂದು ದೀಪ. ಸುರುಳಿಯನ್ನು ತಿರುಗಿಸಿದರೆ ಒಂದು ಸಂಕೇತ ಹೋಗಿ ಇನ್ನೊಂದು ಬರುತ್ತಿತ್ತು. ಲೋಕಲ್ ಗಾಡಿಗೆ ಎರಡೂ ಕಡೆ ತಲೆ. ಚರ್ಚ್‌ಗೇಟ್ ತಲುಪಿದ ಮೇಲೆ ಮೋಟರ್‌ಮ್ಯಾನ್ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ಇಂಜಿನ್ ತಿರುಗಿಸುವ ತಾಪತ್ರಯವಿಲ್ಲ. ಆದರೆ ಫಲಕ ತಾನಾಗಿ ತಿರುಗದು. ನಿಮಿಷಗಳ ಲೆಕ್ಕದಲ್ಲಿ ಗಾಡಿ ಬಿಡುವ ಅವಸರದಲ್ಲಿ ಅದು ಹಾಗೆಯೇ ಉಳಿದರೆ, ಬೋರಿವಲಿಗೆ ಹೊರಟ ಗಾಡಿ 'ಸಿ' ಎಂದು ತೋರಿಸುತ್ತಲೇ ಹೊರಡುತ್ತಿತ್ತು. ಕೆಲವೊಮ್ಮೆ ಸುರುಳಿ ನಡುವೆ ಸಿಕ್ಕಿಕೊಂಡು ಮೇಲೆ ಅರ್ಧ, ಕೆಳಗೆ ಅರ್ಧ ಅಕ್ಷರ. ದೀಪ ಕೆಟ್ಟಿದ್ದರಂತೂ ಮಳೆಗಾಲದ ರಾತ್ರಿಯಲ್ಲಿ ಏನೂ ಕಾಣದು.

ಆದುದರಿಂದಲೇ ಹಳೆಯ ಮುಂಬಯಿಗರು ಹಣೆಬರಹವನ್ನು ಪೂರ್ತಿ ನಂಬುವುದಿಲ್ಲ. ಗಾಡಿ ನಿಂತ ಕೂಡಲೇ ಬಾಗಿಲಲ್ಲಿ ನಿಂತವನನ್ನು 'ಬೋರಿವಲಿ ರುಕೇಗಾ ಕ್ಯಾ?' ಎಂದು ಕೇಳಿಯೇ ಕಾಲಿಡುತ್ತಾರೆ. ವಿರಾರ್ ಗಾಡಿಗೆ ತಪ್ಪಿ ಹತ್ತಿದ ಹುಡುಗ ಜನರ ಒತ್ತಡದಲ್ಲಿ ತನ್ನ ಸ್ಟೇಷನ್ನಿನಲ್ಲಿ ಇಳಿಯಲಾಗದೆ, ವಸಯಿ ಖಾಡಿಯನ್ನೂ ದಾಟಿ, ಕೊನೆಯ ಗಾಡಿಯೂ ತಪ್ಪಿ ಬೆಂಚಿನ ಮೇಲೆ ಬೆಳಗು ಮಾಡಿದ ಕತೆ ಹೋಟೆಲುಗಳ ಮಾಳಿಗೆಯಲ್ಲಿ ಪ್ರತಿ ತಂಡದ ಹುಡುಗರಿಗೂ ಒಂದೊಂದು ಇತ್ತು. ಮರುದಿನ ಬೆಳಗ್ಗಿನ ಡ್ಯೂಟಿ ತಪ್ಪಿದರೆ ಧಣಿಗಳು ಕೇಳುವುದು ಫಲಕದ ಕತೆಯನ್ನಲ್ಲ.

ದೀಪದ ಅಕ್ಷರಗಳು

2007ರ ನವೆಂಬರ್‌ನಲ್ಲಿ ಬಿಳಿ–ನೇರಳೆ ಬಣ್ಣದ ಹೊಸ ಗಾಡಿಗಳು ಹಳಿಗೆ ಬಂದವು. ಹಣೆಯಲ್ಲಿ ದೀಪದ ಚುಕ್ಕಿಗಳಿಂದ ಮೂಡುವ ಅಕ್ಷರ, ಒಳಗೆ ಮುಂದಿನ ಸ್ಟೇಷನ್ನಿನ ಹೆಸರು ತೋರಿಸುವ ಪಟ್ಟಿ, ಜೊತೆಗೆ ಧ್ವನಿ. ಪಶ್ಚಿಮ ರೈಲ್ವೆಯಲ್ಲಿ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ರಲ್ಲಿ ಹಳೆಯ ಡಿಸಿ ವಿದ್ಯುತ್ತಿನ ಕಾಲ ಮುಗಿಯಿತು. ಹಾರ್ಬರ್ ಮಾರ್ಗದಲ್ಲಿ ಕೊನೆಯ ಡಿಸಿ ಲೋಕಲ್ ಕುರ್ಲಾದಿಂದ ಸಿಎಸ್‌ಟಿಗೆ ಓಡಿದ್ದು 2016ರ ಏಪ್ರಿಲ್ 9ರ ರಾತ್ರಿ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದೂ ಇದೇ ಹಾರ್ಬರ್ ಮಾರ್ಗದಲ್ಲಿ, ವಿಟಿಯಿಂದ ಕುರ್ಲಾಕ್ಕೆ. ಹಳೆಯ ಗಾಡಿಗೆ ಆ ರಾತ್ರಿ ಹೂವಿನ ಹಾರ ಹಾಕಿ ಬೀಳ್ಕೊಟ್ಟದ್ದನ್ನು ಕಂಡವರು ಮರೆಯಲಾರರು.

ಹೊಸ ಫಲಕ ಓದಲು ಸುಲಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಹೊಸ ರೂಪದಲ್ಲಿ ಬಂತು. ಒಳಗಿನ ಪಟ್ಟಿ ಒಂದು ಸ್ಟೇಷನ್ ಹಿಂದೆ ಬಿದ್ದರೆ ಗಾಡಿ ಮಾಹಿಮ್‌ನಲ್ಲಿ ನಿಂತಾಗ ಇಂಪಾದ ಧ್ವನಿ ಮಾಟುಂಗಾ ರೋಡ್ ಎನ್ನುತ್ತದೆ. ದಿನದ ಪ್ರಯಾಣಿಕ ಇಸ್ಪೀಟು ಎಲೆಯಿಂದ ತಲೆಯನ್ನೇ ಎತ್ತುವುದಿಲ್ಲ. ಆಸ್ಪತ್ರೆಗೆಂದು ಊರಿನಿಂದ ಬಂದ ಅಜ್ಜಿ ಮಾತ್ರ ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ಡಬ್ಬಾದೊಳಗೆ ಅಂಟಿಸಿದ ಮಾರ್ಗದ ನಕ್ಷೆಗಳದ್ದು ಇನ್ನೊಂದು ಕತೆ. 2016ರ ಡಿಸೆಂಬರ್‌ಗೆ ಮೊದಲು ಅಚ್ಚಾದ ನಕ್ಷೆಯಲ್ಲಿ ಜೋಗೇಶ್ವರಿ–ಗೋರೆಗಾಂವ್ ನಡುವೆ ರಾಮಮಂದಿರ ಸ್ಟೇಷನ್ ಇಲ್ಲ. 2018ರ ಜುಲೈಗೆ ಮೊದಲಿನದರಲ್ಲಿ ಪ್ರಭಾದೇವಿ ಇಲ್ಲ, ಎಲ್ಫಿನ್‌ಸ್ಟನ್ ರೋಡ್ ಇದೆ. 2024ರಲ್ಲಿ ಕರಿ ರೋಡ್, ಮರೀನ್ ಲೈನ್ಸ್, ಚರ್ನಿ ರೋಡ್, ಕಿಂಗ್ಸ್ ಸರ್ಕಲ್ ಮುಂತಾದ ಹೆಸರುಗಳನ್ನು ಬದಲಿಸಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಕಿಂಗ್ಸ್ ಸರ್ಕಲಿನ ಉಡುಪಿ ಹೋಟೆಲಿನಲ್ಲಿ ಭೇಟಿಯಾಗೋಣ ಎಂದು ಮೂರು ತಲೆಮಾರಿನಿಂದ ಹೇಳುತ್ತ ಬಂದವರ ಬಾಯಿಯಲ್ಲಿ ಯಾವ ಹೆಸರು ಉಳಿಯುತ್ತದೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಲೆಡ್ಜರಿನ ತಲೆಬರಹ, ಫೋಲಿಯೊ ನಂಬರ್

ದೂರದ ಗಾಡಿಗಳಲ್ಲಿ ಹಳತು ಅಡಗಿರುವುದು ಸ್ಟೇಷನ್ನುಗಳ ಕೋಡಿನಲ್ಲಿ. ಬೆಂಗಳೂರಿನ ಮುಖ್ಯ ನಿಲ್ದಾಣಕ್ಕೆ 2015ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಡಲಾಯಿತು. ಟಿಕೆಟಿನ ಮೇಲೆ ಈಗಲೂ 'ಎಸ್‌ಬಿಸಿ'. ಕೊನೆಯ ಎರಡು ಅಕ್ಷರ ಹಳೆಯ ಬೆಂಗಳೂರು ಸಿಟಿಯವು. ಮದ್ರಾಸು 1996ರಲ್ಲಿ ಚೆನ್ನೈ ಆಯಿತು, ಸೆಂಟ್ರಲ್ ನಿಲ್ದಾಣಕ್ಕೆ 2019ರಲ್ಲಿ ಎಂಜಿಆರ್ ಹೆಸರು ಬಂತು, ಆದರೆ ಕೋಡು 'ಎಂಎಎಸ್', ಮದ್ರಾಸಿನದೇ. ಎಗ್ಮೋರಿನದು 'ಎಂಎಸ್'. ವಿಜಯವಾಡಕ್ಕೆ 'ಬಿಝಡ್‌ಎ', ಬೆಜವಾಡ ಎಂದು ಕರೆಯುತ್ತಿದ್ದ ಕಾಲದ್ದು. ವಡೋದರಾಕ್ಕೆ 'ಬಿಆರ್‌ಸಿ', ಬರೋಡಾದ ಗುರುತು. ಮುಂಬಯಿ ಸೆಂಟ್ರಲ್ ಮಾತ್ರ ತಡವಾಗಿಯಾದರೂ ಬದಲಾಯಿತು. ಬಾಂಬೆ ಹೋಗಿ ಮುಂಬಯಿ ಬಂದದ್ದು 1995ರಲ್ಲಿ, 'ಬಿಸಿಟಿ' ಹೋಗಿ 'ಎಂಎಂಸಿಟಿ' ಬಂದದ್ದು 2018ರಲ್ಲಿ.

ಲೆಡ್ಜರಿನ ತಲೆಬರಹ ಬದಲಾದರೂ ಫೋಲಿಯೊ ನಂಬರ್ ಬದಲಾಗದ ಹಾಗೆ ಇದು. ಕೋಡು ಬದಲಿಸಿದರೆ ರಿಸರ್ವೇಶನ್ ಕಂಪ್ಯೂಟರ್, ವೇಳಾಪಟ್ಟಿ, ಸರಕಿನ ಚೀಟಿ ಎಲ್ಲವನ್ನೂ ತಿದ್ದಬೇಕು. ಬ್ಯಾಂಕುಗಳು ಈ ವಿಷಯದಲ್ಲಿ ನಿಷ್ಠುರ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿ ಕೋಡು 2021ರ ಜುಲೈ 1ರಿಂದ ನಡೆಯದೆಂದು ತಾರೀಕು ಗೊತ್ತುಮಾಡಿ ಹೇಳಲಾಯಿತು. ಅಂದಿನಿಂದ ಹಳೆಯ ಕೋಡು ಬರೆದ ಹಣ ಹೋಗಬೇಕಾದಲ್ಲಿಗೆ ಹೋಗದು. ರೈಲ್ವೆಯದು ಹಾಗಲ್ಲ. ಹಳೆಯ ಕೋಡಿನ ಮೇಲೆಯೇ ಹೊಸ ಹೆಸರಿನ ಊರಿಗೆ ಕರೆದೊಯ್ಯುತ್ತದೆ. ಯಾವುದು ಒಳ್ಳೆಯದು? ಕೋಡು ಸಿಬ್ಬಂದಿಗೆ, ಹೆಸರು ಪ್ರಯಾಣಿಕನಿಗೆ ಎಂದಿರುವಷ್ಟು ಕಾಲ ತೊಂದರೆಯಿಲ್ಲ. ಮೊಬೈಲಿನಲ್ಲಿ ಟಿಕೆಟ್ ತೆಗೆಯುವ ಈ ಕಾಲದಲ್ಲಿ ಕೋಡೂ ಪ್ರಯಾಣಿಕನ ಪಾಲಿಗೇ ಬಂದಿದೆ. ಅದೇ ಫಜೀತಿ.

ಬಣ್ಣ ಬಳಿಯಬೇಕಾಗದ ಸಾಲು

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಮುಂಬಯಿಯಿಂದ ಹೊರಡುವ ಗಾಡಿಗಳ ಬದಿಯಲ್ಲಿ ತೂಗುಹಾಕುವ ತಗಡಿನ ಫಲಕಗಳಿಗೆ ಕೆಲಸ ಬಂತು. ಇಂಗ್ಲಿಷಿನ ಬ್ಯಾಂಗಲೋರ್ ಅಳಿಸಿ ಬೆಂಗಳೂರು, ಮ್ಯಾಂಗಲೋರ್ ಅಳಿಸಿ ಮಂಗಳೂರು, ಹುಬ್ಳಿ ಅಳಿಸಿ ಹುಬ್ಬಳ್ಳಿ ಬರೆಯಬೇಕಾಯಿತು. ಒಂದೇ ಗಾಡಿಯಲ್ಲಿ ಒಂದು ಬೋಗಿ ಹೊಸ ಹೆಸರಿಗೂ ಇನ್ನೊಂದು ಬೋಗಿ ಹಳೆಯ ಹೆಸರಿಗೂ ಹೊರಟಂತೆ ಕಂಡ ದಿನಗಳಿದ್ದವು. ಆದರೆ ಕನ್ನಡದ ಸಾಲನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಅಲ್ಲಿ ಮೊದಲಿನಿಂದಲೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಎಂದೇ ಇತ್ತು. ಗುಲ್ಬರ್ಗ ಕಲಬುರಗಿಯಾದಾಗ, ಬಿಜಾಪುರ ವಿಜಯಪುರವಾದಾಗ ಮಾತ್ರ ಕನ್ನಡಕ್ಕೂ ಬಣ್ಣದ ಡಬ್ಬಿ ತೆರೆಯಬೇಕಾಯಿತು.

ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬಗಳು ಮುಂಬಯಿ, ಪುಣೆಯ ಪ್ಲಾಟ್‌ಫಾರ್ಮುಗಳಲ್ಲಿ ಗಂಟುಮೂಟೆ ಇಟ್ಟು ಕುಳಿತಿರುವುದನ್ನು ಯಾರೂ ನೋಡಬಹುದು. ಜನರಲ್ ಬೋಗಿಯ ಟಿಕೆಟು, ಕಂಕುಳಲ್ಲಿ ಮಗು, ಗಾಡಿ ನಿಲ್ಲುವುದು ಕೆಲವೇ ನಿಮಿಷ. ಗಂಡ ಓಡುತ್ತ ಫಲಕ ನೋಡುತ್ತಾನೆ. ಅವನಿಗೆ ಓದಲು ಬರುವುದು ಅದರಲ್ಲಿ ಒಂದೇ ಸಾಲು. ಆ ಸಾಲು ಅಳಿಸಿ ಹೋಗಿದ್ದರೆ, ಅಥವಾ ಬೇರೊಂದು ಗಾಡಿಯ ಫಲಕ ಹಾಗೇ ನೇತಾಡುತ್ತಿದ್ದರೆ, ಅವನು ಮತ್ತೊಬ್ಬರ ಬಾಯಿಯನ್ನು ನಂಬಬೇಕು. ಒಂದೇ ಬೋಗಿಗಳ ಸಾಲು ಹೋಗುವಾಗ ಒಂದು ಗಾಡಿಯಾಗಿ, ಬಂದ ಮೇಲೆ ಇನ್ನೊಂದು ಗಾಡಿಯಾಗಿ ಓಡುವ ಪದ್ಧತಿ ರೈಲ್ವೆಯಲ್ಲಿ ಇದೆ. ಫಲಕ ಬದಲಿಸಲು ಮರೆತರೆ ಮುಗಿಯಿತು.

ಬರೆದವನಿಗೆ ಆ ಭಾಷೆ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರ ಏಪ್ರಿಲ್‌ನಲ್ಲಿ ಇಡೀ ದೇಶ ಒಂದು ನಿದರ್ಶನ ಕಂಡಿತು. ರಾಂಚಿಯ ಹಟಿಯಾದಿಂದ ಎರ್ನಾಕುಳಂಗೆ ಹೋಗುವ ಎಕ್ಸ್‌ಪ್ರೆಸ್ಸಿನ ಫಲಕದಲ್ಲಿ ಹಟಿಯಾ ಎಂಬ ಊರಿನ ಹೆಸರನ್ನು ಹಿಂದಿಯ 'ಹತ್ಯಾ' ಎಂದು ತಿಳಿದು ಮಲಯಾಳಕ್ಕೆ ಭಾಷಾಂತರ ಮಾಡಿದ್ದರು. ಹಳದಿ ಫಲಕದ ಮೇಲೆ 'ಕೊಲಪಾತಕಂ–ಎರ್ನಾಕುಳಂ' ಎಂದಾಯಿತು! ಕನ್ನಡಿಗರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಫೋಟೊ ಎಲ್ಲ ಕಡೆ ಹರಡಿದ ಮೇಲೆ ಅಧಿಕಾರಿಗಳು ತಪ್ಪನ್ನು ಒಪ್ಪಿಕೊಂಡು ತಿದ್ದಿಸಿದರು. ಜನ ನಕ್ಕರು. ಆದರೆ ಫಲಕ ಬರೆದು, ಒಣಗಿಸಿ, ಬೋಗಿಗೆ ಸಿಕ್ಕಿಸಿ, ಗಾಡಿ ಹೊರಡುವವರೆಗೆ ಆ ಭಾಷೆ ಬಲ್ಲ ಒಬ್ಬನೂ ಅದನ್ನು ಓದಲಿಲ್ಲ ಎಂಬುದು ನಗುವ ವಿಷಯವಲ್ಲ. ಮುಂಬಯಿಯಲ್ಲಿ ಕನ್ನಡ ಬಲ್ಲ ರೈಲ್ವೆ ನೌಕರರಿಗೆ ಕೊರತೆಯಿಲ್ಲ, ಕನ್ನಡ ಸಂಘಗಳಿಗಂತೂ ಮೊದಲೇ ಇಲ್ಲ. ಫಲಕದ ಕನ್ನಡವನ್ನು ಒಮ್ಮೆ ಓದಿ ನೋಡಿ ಎಂದು ಯಾರನ್ನು ಕೇಳಿದರೂ ಸಂತೋಷದಿಂದ ಓದಿಯಾರು.

ಬೋಗಿಯ ಫಲಕ ಎಷ್ಟು ಮುಖ್ಯವೆಂದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. 2020ರ ಮಾರ್ಚ್‌ನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಬರುವ ಮೊದಲು ಬೆಂಗಳೂರಿನಿಂದ ರಾತ್ರಿ ಹೊರಡುತ್ತಿದ್ದ ಗಾಡಿ ಒಂದೇ, ಹೋಗುವ ಊರು ಎರಡು. ಕೆಲವು ಬೋಗಿಗಳ ಮೇಲೆ ಕಣ್ಣೂರು, ಕೆಲವುಗಳ ಮೇಲೆ ಕಾರವಾರ. ಮಂಗಳೂರಿನಲ್ಲಿ ಗಾಡಿ ಎರಡಾಗಿ ಒಂದು ತೆಂಕಣಕ್ಕೆ, ಇನ್ನೊಂದು ಬಡಗಣಕ್ಕೆ. ಕುಂದಾಪುರಕ್ಕೆ ಹೊರಟವನು ನಿದ್ದೆಗಣ್ಣಲ್ಲಿ ಫಲಕ ನೋಡದೆ ಹತ್ತಿದರೆ ಕಣ್ಣುಬಿಡುವಾಗ ಕಾಸರಗೋಡು! ಮಂಗಳೂರಿನದ್ದೇ ಇನ್ನೊಂದು ತೊಡಕಿದೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹೋಗಿ ನಿಲ್ಲುವುದು ಮಂಗಳೂರು ಸೆಂಟ್ರಲಿನಲ್ಲಿ, ಸಿಎಸ್‌ಎಂಟಿಯ ಗಾಡಿ ನಿಲ್ಲುವುದು ಮಂಗಳೂರು ಜಂಕ್ಷನ್ನಿನಲ್ಲಿ. ಜಂಕ್ಷನ್ ಎಂದರೆ ಊರಿನವರಿಗೆ ಹೊಳೆಯದು; ಕಂಕನಾಡಿ ಎಂದರೆ ತಿಳಿಯುತ್ತದೆ, ಅದರ ಹಳೆಯ ಹೆಸರು ಅದೇ. ಮುಂಬಯಿಯಿಂದ ಬರುವ ಮಗಳು–ಮೊಮ್ಮಕ್ಕಳನ್ನು ಎದುರುಗೊಳ್ಳಲು ರಿಕ್ಷಾ ಮಾಡಿಕೊಂಡು ಹೋದ ಅಜ್ಜ ಒಂದು ಸ್ಟೇಷನ್ನಿನಲ್ಲಿ, ಮಗಳು ಇನ್ನೊಂದರಲ್ಲಿ. ಫಲಕದ ಎರಡನೆಯ ಪದವನ್ನು ಫೋನಿನಲ್ಲಿ ಹೇಳಲು ಮರೆತದ್ದಕ್ಕೆ ಎರಡು ರಿಕ್ಷಾದ ಬಾಡಿಗೆ.

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ, ಜನರ ಬಾಯಿಯಲ್ಲಿ ಬರೀ 'ಕುರ್ಲಾ'ದಲ್ಲಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮತ್ಸ್ಯಗಂಧಾ ಹೊರಡಲು ಸಿದ್ಧವಾಗಿರುತ್ತದೆ. ಕೊಂಕಣ ರೈಲು ಪೂರ್ಣಗೊಂಡ 1998ರಿಂದ ಈ ಗಾಡಿ ಓಡುತ್ತಿದೆ. ನೀಲಿ ಬಣ್ಣದ ಹಳೆಯ ಬೋಗಿಗಳು ಹೋಗಿ 2025ರ ಫೆಬ್ರವರಿಯಲ್ಲಿ ಹೊಸ ಮಾದರಿಯ ಬೋಗಿಗಳು ಬಂದಿವೆ. ಬಾಗಿಲ ಪಕ್ಕದ ಪಟ್ಟಿಯಲ್ಲಿ ದೀಪದ ಅಕ್ಷರಗಳು ಎಡಕ್ಕೆ ಓಡುತ್ತವೆ. ಓಡುವ ಅಕ್ಷರ ಓದಲು ನಿಂತು ಕಾಯಬೇಕು, ಕಣ್ಣು ಮಂಜಾದವರು ಎರಡು ಸುತ್ತು ಕಾಯಬೇಕು. ಮಕ್ಕಳು 'ಎಸ್ ಫೋರ್, ಎಸ್ ಫೋರ್' ಎಂದು ಮುಂದೆ ಓಡಿ ಕರೆಯುತ್ತಿರುತ್ತಾರೆ. ತಲೆಗೆ ಸೆರಗು ಹೊದ್ದ ಅಮ್ಮನೊಬ್ಬರು ಮಾತ್ರ, ಚೀಲ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ಬೋಗಿಯ ಎದುರು ನಿಂತಿರುತ್ತಾರೆ. 'ಬನ್ನಿ ಅಮ್ಮಾ, ಇದೇ ಗಾಡಿ' ಎಂದು ಮಗ ಎಷ್ಟು ಕರೆದರೂ ಕದಲುವುದಿಲ್ಲ. 'ಮಂಗಳೂರು' ಎಂದು ತಾವೇ ಓದಿಕೊಂಡ ಮೇಲೆಯೇ ಚೀಲ ಎತ್ತಿಕೊಳ್ಳುತ್ತಾರೆ.